ಮದಾರಸಾಬನ ನಲವತ್ತು ಚೀಲ

ಕೊಪ್ಪಳದ ಪೇಟೆಯಲ್ಲಿ ಶೇಂಗಾ ದಲಾಲರು ಹನ್ನೊಂದು ಜನ ಇದ್ದರು. ಹತ್ತು ಜನರ ಬಲಗೈಗೆ ಐದೈದು ಬೆರಳು, ಮದಾರಸಾಬನಿಗೆ ಮಾತ್ರ ನಾಲ್ಕು. ಕಿರುಬೆರಳನ್ನು ಹರೆಯದಲ್ಲೇ ಹತ್ತಿ ಬಿಡಿಸುವ ಜಿನ್ನು ಯಂತ್ರ ನುಂಗಿತ್ತು. ಗೆಳೆಯನೆಂದು ಹೊಗಳುತ್ತಿಲ್ಲ, ಕುಕನೂರು ಕಡೆಯಿಂದ ಗಾಡಿ ಹೊಡೆದುಕೊಂಡು ಬರುತ್ತಿದ್ದ ನನ್ನಂಥ ರೈತರಿಗೆ ಪೇಟೆಯ ಮಾತು ಬಿಡಿಸಿ ಹೇಳಿದವನು ಅವನೊಬ್ಬನೇ. ಉಳಿದ ಹತ್ತು ಜನ ನಮ್ಮ ದಡ್ಡತನದ ಮೇಲೆಯೇ ಹೊಟ್ಟೆ ಹೊರೆಯುತ್ತಿದ್ದರು.

ಮೊದಲ ಸಲ ಬಂದವರನ್ನು ಚೀಲದ ಮೇಲೆ ಕೂರಿಸಿ ಶುರು ಮಾಡುತ್ತಿದ್ದ. ಪೇಟೆಗೆ ಬಂದು ಬೀಳುವ ಮಾಲು ಆವಕ. ಆವಕ ಹೆಚ್ಚಾದರೆ ಕೊಳ್ಳುವವನು ಮೂಗು ಮುರಿಯುತ್ತಾನೆ, ದರ ಇಳಿಯುತ್ತದೆ, ಅದು ಮಂದಿ. ಆವಕ ಕಡಿಮೆಯಾದರೆ ಅದೇ ಮನುಷ್ಯ ಕರೆದು ಚಹಾ ಕುಡಿಸುತ್ತಾನೆ, ದರ ಏರುತ್ತದೆ, ಅದು ತೇಜಿ. ಮಾತು ಕುದುರಿದರೆ ಸೌದಾ. ಆ ಮಾತಿಗೆ ತಪ್ಪಬಾರದೆಂದು ಮುಂಚೆಯೇ ಕೈಗಿಡುವ ಒಂದೆರಡು ರೂಪಾಯಿ ಸಂಚಕಾರ. ಇಬ್ಬರನ್ನೂ ಕೂಡಿಸಿದ ನಡುವಿನವನ ಕೂಲಿ ದಲಾಲಿ. ನಡುವಿನವನು ತನಗಾಗಿ ಒಂದು ಕಾಳನ್ನೂ ಕೊಳ್ಳಬಾರದು ಎಂದು ಕೊನೆಗೆ ಸೇರಿಸುತ್ತಿದ್ದ. ಇಷ್ಟು ಕಲಿಸುವಷ್ಟರಲ್ಲಿ ಎದುರಿಗಿದ್ದವನ ಬುಟ್ಟಿಯಲ್ಲಿದ್ದ ಶೇಂಗಾ ಅರ್ಧ ಖಾಲಿಯಾಗಿರುತ್ತಿತ್ತು, ಅದು ಬೇರೆ ಮಾತು.

ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಪೇಟೆಯಲ್ಲಿರಲಿಲ್ಲ. ದಲಾಲನ ಕೈಮೇಲೆ ಟುವಾಲು ಹೊದಿಸಿ, ಅದರೊಳಗೆ ಕೊಳ್ಳುವವನು ಬೆರಳು ಹಿಡಿಯಬೇಕು. ಎಷ್ಟು ಬೆರಳೋ ಅಷ್ಟು ರೂಪಾಯಿ, ಇಡೀ ಕೈ ಹಿಡಿದರೆ ಐದು. ಮದಾರಸಾಬನ ಕೈಯ ಕಥೆ ಹಳಬರಿಗೆಲ್ಲ ಗೊತ್ತಿತ್ತು. ನಾಲ್ಕು ಹೇಳಬೇಕಾದರೆ ಮೂರು ಬೆರಳು ಹಿಡಿದು, ಕಿರುಬೆರಳಿನ ಮೊಂಡನ್ನು ಒತ್ತುತ್ತಿದ್ದರು. ಇದ್ದ ನಾಲ್ಕೂ ಬೆರಳು ಹಿಡಿದರೆ ಅದು ಇಡೀ ಕೈ, ಐದೆಂದೇ ಲೆಕ್ಕ.

ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷ, ಗಿಣಿಗೇರಾದ ಹುಲಗಮ್ಮ ನಲವತ್ತು ಚೀಲ ಶೇಂಗಾ ತಂದಳು. ಗದಗಿನಿಂದ ಅದೇ ದಿನ ಹೊಸ ಖರೀದಿದಾರನೊಬ್ಬ ಬಂದಿದ್ದ. ಟುವಾಲಿನೊಳಗೆ ಕೈಯಿಟ್ಟವನು ಇದ್ದ ನಾಲ್ಕು ಬೆರಳನ್ನೂ ಎಣಿಸಿ ಗಟ್ಟಿಯಾಗಿ ಹಿಡಿದ. ಮದಾರಸಾಬ ಇಡೀ ಕೈ ಹಿಡಿದನೆಂದುಕೊಂಡು, ಚೀಲಕ್ಕೆ ಐದು ಎಂದು ಹುಲಗಮ್ಮನಿಗೆ ಹೇಳಿಬಿಟ್ಟ. ತೂಕವಾದ ಮೇಲೆ ಖರೀದಿದಾರ ನಾಲ್ಕರ ಲೆಕ್ಕದಲ್ಲಿ ದುಡ್ಡು ತೆಗೆದ. ಪೇಟೆಯೆಲ್ಲ ಕೂಡಿತು. ಹುಲಗಮ್ಮ ಸೆರಗು ಬಿಗಿದು ನಿಂತಳು. ತಪ್ಪು ಯಾರದೆಂದು ಹತ್ತು ದಲಾಲರು ಹತ್ತು ಥರ ಹೇಳಿದರು.

"ಕೈ ನಂದು, ತಪ್ಪೂ ನಂದ. ಐದು ಅಂದೀನಿ, ಐದ ಕೊಡತೀನಿ. ಮಾಲು ನಾ ತಗೋತೀನಿ," ಎಂದ ಮದಾರಸಾಬ.

ಮನೆ ಕಟ್ಟಲೆಂದು ಗೌಸಬೀ ಕೂಡಿಟ್ಟಿದ್ದ ಇನ್ನೂರು ರೂಪಾಯಿ ಹೀಗೆ ಶೇಂಗಾ ಆಯಿತು. ಗಂಡನ ಮಾತು ಉಳಿಯಿತೆಂದು ಅವಳು ಸುಮ್ಮನಿದ್ದಳು. ಆದರೆ ಒಲೆಯ ಮುಂದೆ ಪಾತ್ರೆಗಳು ಸುಮ್ಮನಿರಲಿಲ್ಲ.

ಅಲ್ಲಿಂದ ಒಂಬತ್ತು ದಿನ ನನ್ನ ಗೆಳೆಯ ಗುರುತೇ ಸಿಗದಂತಾದ. ಗದಗಿನ ದರವೆಷ್ಟೆಂದು ರೈಲಿಳಿದವರನ್ನೆಲ್ಲ ಕೇಳುತ್ತಿದ್ದ. ದೂರದಲ್ಲಿ ಗಾಡಿಯ ಗಂಟೆ ಕೇಳಿದರೆ ಆವಕ ಹೆಚ್ಚಿತೆಂದು ಮುಖ ಇಳಿಯುತ್ತಿತ್ತು. ತೇಜಿ ಮಂದಿಯೆಂದು ಊರಿಗೆಲ್ಲ ಪಾಠ ಹೇಳಿದವನು ಇಲಿಗೆ ಹೆದರಿ ಚೀಲದ ಮೇಲೆಯೇ ಮಲಗುತ್ತಿದ್ದ. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಅವನ ಎದುರಿಗೇ ನಗುತ್ತಿದ್ದೆ.

ಆರನೆಯ ದಿನ ನಾನು ಅವನ ಸಲಹೆ ಕೇಳಲು ಹೋದೆ. ಮನೆಯಲ್ಲಿ ಅರವತ್ತು ಚೀಲ ಇದ್ದವು, ಎತ್ತು ಕೊಳ್ಳಲು ದುಡ್ಡು ಬೇಕಿತ್ತು. ದರ ಇನ್ನೂ ನಾಲ್ಕೇ ಇತ್ತು. ನಾಳೆ ತರಲೇ ಎಂದೆ. ಅವನು ನನ್ನ ಮುಖ ನೋಡದೆ, ಇನ್ನೊಂದು ವಾರ ತಡಿ, ತೇಜಿ ಆಗುವ ಲಕ್ಷಣ ಇವೆ ಎಂದ. ಅವನ ಮಾತಿನ ಮೇಲೆ ಮಾತಾಡಿ ನನಗೆ ರೂಢಿಯಿಲ್ಲ. ಊರಿಗೆ ಮರಳಿದೆ.

ಯುದ್ಧದ ದೆಸೆಯಿಂದ ಒಂಬತ್ತನೆಯ ದಿನ ದರ ಐದು ಮುಟ್ಟಿತು. ಇನ್ನೂ ಏರುತ್ತದೆ, ಹಿಡಿದಿಡು ಎಂದು ಪೇಟೆಯೆಲ್ಲ ಹೇಳಿದರೂ ಮದಾರಸಾಬ ಕೇಳಲಿಲ್ಲ. ಕೊಂಡ ಐದಕ್ಕೇ ನಲವತ್ತೂ ಚೀಲ ಮಾರಿದ. ಮರುದಿನ ದರ ಆರಾಯಿತು. ಜನ ಹೊಟ್ಟೆ ಹಿಡಿದು ನಕ್ಕರು.

ಅವತ್ತೇ ಸಂಜೆ ಅವನು ನಮ್ಮೂರಿಗೆ ಬಂದ. ಆರು ರೂಪಾಯಿಯ ಸುದ್ದಿ ಆಗಲೇ ಮುಟ್ಟಿತ್ತು, ನಾನು ಕುಣಿಯುವುದೊಂದು ಬಾಕಿ. ಕಾಲು ತೊಳೆಯಲು ನೀರು ಕೊಟ್ಟರೆ ಮುಟ್ಟಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ.

"ಅವತ್ತ ತಡಿ ಅಂದಿದ್ದು ನಿನ್ನ ಸಲುವಾಗಿ ಅಲ್ಲ. ನಿನ್ನ ಅರವತ್ತು ಚೀಲ ಪ್ಯಾಟಿಗೆ ಬಂದ್ರ ನನ್ನ ನಲವತ್ತರ ದರ ಬೀಳತಿತ್ತು," ಎಂದ.

ಚೀಲಕ್ಕೆ ಎರಡು ರೂಪಾಯಿ ಹೆಚ್ಚಿಗೆ ಬರುವಂತೆ ಮಾಡಿದವನು ತಪ್ಪೊಪ್ಪಿಕೊಳ್ಳಲು ಏಳು ಹರದಾರಿ ದಾರಿ ಸವೆಸಿ ಬಂದಿದ್ದನ್ನು ನಾನೆಲ್ಲೂ ಕಂಡಿಲ್ಲ. ನನಗೆ ಲಾಭವೇ ಆಗಿದೆಯಲ್ಲ, ಹುಚ್ಚು ಹಿಡಿದಿದೆಯೇನು ಎಂದು ಬೈದೆ.

"ದರ ಇಳಿದಿದ್ರ ನಿನ್ನ ಮುಂದ ಏನಂತಿದ್ದೆ ಗೊತ್ತೈತೇನು? ನಶೀಬ, ಕಳಕಪ್ಪ, ನಶೀಬ ಅಂತಿದ್ದೆ. ನೀ ನಂಬತಿದ್ದಿ."

ನಗಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಅವನು ಹೇಳಿದ್ದು ಖರೆ. ನಾನು ನಂಬುತ್ತಿದ್ದೆ.