ಗಾಜಿನ ಇನ್ನೊಂದು ತುದಿ

ಗಾಜಿನಂಗಡಿಯ ಯಜಮಾನನನ್ನು ಬೀದಿಯವರು ‘ಕಿಡಿ ಮೇಸ್ತ್ರಿ’ ಎಂದು ಕರೆಯುತ್ತಿದ್ದುದು ಅವನ ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಕಟ್ಟರ್ ಹಿಡಿದರೆ ಅವನ ಕೈ ಗಾಜಿನ ಮೇಲೆ ನೀರು ಹರಿದಂತೆ ಹರಿಯುತ್ತಿತ್ತು. ಬಾಯಿ ತೆರೆದರೆ ಎದುರಿಗಿದ್ದವರು ಚೂರುಚೂರು. ಅಳತೆ ತಪ್ಪಾಗಿ ಹೇಳಿದ ಗಿರಾಕಿ, ಬಾಗಿಲಿಗೆ ಅಡ್ಡ ನಿಂತ ಸೈಕಲ್ಲು, ತಣ್ಣಗಾದ ಚಹಾ, ಯಾವುದಾದರೂ ನೆಪ ಸಾಕು. ಕೆಲಸಕ್ಕೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಕಾಲು ಕಿತ್ತಿದ್ದರು.

“ಇವರ ಹತ್ರ ಉಳಿದಿರೋದು ನಾನು, ಮಗಳು, ಗೋಡೆ,” ಎಂದು ಹೆಂಡತಿ ನೆರೆಯವರೊಡನೆ ನಗುತ್ತಿದ್ದಳು. “ಗೋಡೆಗೆ ಕಾಲಿಲ್ಲ, ನಮಗೆ ದಾರಿಯಿಲ್ಲ.”

ದೊಡ್ಡ ಹಾಳೆಯ ಗಾಜನ್ನು ಒಬ್ಬರೇ ಹೊರಲಾಗದು. ಒಂದು ತುದಿಗೆ ಮೇಸ್ತ್ರಿ, ಇನ್ನೊಂದು ತುದಿಗೆ ಮಗಳು. ಆ ಕಸುಬಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಗಾಜು ಜಾರಿದರೆ ಹಿಡಿಯಲು ಹೋಗಬಾರದು. ಒಬ್ಬರು “ಬಿಟ್ಟೆ” ಎಂದ ಕ್ಷಣವೇ ಇನ್ನೊಬ್ಬರೂ ಕೈಬಿಟ್ಟು ಹಿಂದೆ ಹಾರಬೇಕು. ಗಾಜು ಹೋದರೆ ಹೋಗಲಿ, ಕೈ ಉಳಿಯಲಿ. ಮಗಳು ಮೊದಲ ಸಲ ಕೈಗವಸು ತೊಟ್ಟ ದಿನ ಇದನ್ನು ಅವಳಿಗೆ ಬಾಯಿಪಾಠ ಮಾಡಿಸಿದವನು ಅವನೇ.

ಒಂದು ದಿನ, ಗಾಜು ಮಾಡಿಸಿದ್ದ ಬಟ್ಟೆ ಅಂಗಡಿಯವನು ತನ್ನ ಗಿರಾಕಿಗಳ ಎದುರೇ, “ಏನ್ರೀ ಮೇಸ್ತ್ರಿ, ಗಾಜು ಕೊಯ್ದಿದ್ದೀರೋ ಹಲಸಿನಹಣ್ಣು ಕೊಯ್ದಿದ್ದೀರೋ? ಚೌಕಟ್ಟಿಗೆ ಕೂರ್ತಾನೇ ಇಲ್ಲ!” ಎಂದ. ತಪ್ಪು ಸೊಟ್ಟಗಿದ್ದ ಚೌಕಟ್ಟಿನದು. ಅದನ್ನು ಸಮಾಧಾನವಾಗಿ ತೋರಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೇಸ್ತ್ರಿ ಬಟ್ಟೆ ಅಂಗಡಿಯವನ ಹಿರಿಯರನ್ನೆಲ್ಲ ಜಾಲಾಡಿ, ಗಾಜನ್ನು ಎತ್ತಿಸಿಕೊಂಡು ಹೊರಟುಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ದಾರಿಯುದ್ದಕ್ಕೂ ಬೈಗುಳ ತಿಂದವಳು ಮಗಳು.

“ಅಳತೆ ತಗೊಂಡವಳು ಯಾರು? ನೀನೇ ತಾನೆ? ಕಣ್ಣು ಎಲ್ಲಿ ಇಟ್ಟಿದ್ದೆ?”

“ಅಪ್ಪಾ, ಗಾಜು ಇಳಿಸಿದ ಮೇಲೆ ಬೈಯಿ. ಅಂಗಡಿ ಮೆಟ್ಟಿಲು ಬಂತು.”

“ನನಗೆ ಹೇಳಿಕೊಡ್ತೀಯಾ?”

ಎರಡನೇ ಮೆಟ್ಟಿಲಲ್ಲಿ ಅವಳ ಚಪ್ಪಲಿ ಜಾರಿತು. “ಬಿಟ್ಟೆ ಅಪ್ಪಾ!”

“ಬಿಡೋದೇನು? ಹಿಡಿಯೇ ಕತ್ತೆ!”

ಅವಳು ಬಿಟ್ಟಿದ್ದಳು, ಅವನು ಬಿಡಲಿಲ್ಲ. ಹಟದಿಂದ ತನ್ನ ತುದಿಯನ್ನು ಜಗ್ಗಿದ. ನೆಟ್ಟಗೆ ನೆಲಕ್ಕೆ ಬೀಳಬೇಕಿದ್ದ ಗಾಜು ಗಾಳಿಯಲ್ಲೇ ಮುರಿಯಿತು. ಕತ್ತಿಯಂಥ ಒಂದು ಹೋಳು ತಿರುಗಿ ಮಗಳ ಮುಂಗೈಯನ್ನು ಸೀಳಿತು.

ಆಸ್ಪತ್ರೆಯಲ್ಲಿಯೂ ಅವನ ಆರ್ಭಟ ನಿಲ್ಲಲಿಲ್ಲ. ಹೊಲಿಗೆ ತಡವಾಯಿತೆಂದು ನರ್ಸಮ್ಮನ ಮೇಲೆ ಹರಿಹಾಯ್ದ. ಸುಣ್ಣದಂತೆ ಬಿಳಿಚಿಕೊಂಡಿದ್ದ ಮಗಳು ಹಾಸಿಗೆಯಿಂದಲೇ, “ಅಪ್ಪಾ, ಹೊರಗೆ ಹೋಗು,” ಎಂದಳು. ಅಷ್ಟೇ ಮಾತು. ಪಡಸಾಲೆಯಲ್ಲಿ ಹೆಂಡತಿ ಅವನ ಮುಖ ನೋಡದೆ ಹೇಳಿದಳು: “ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರತ್ತೇನ್ರೀ? ನೀವು ಕೊಯ್ದಿದ್ದು ನಿಮ್ಮ ಮೂಗೂ ಅಲ್ಲ.”

ಗಾಯ ಮಾಯಿತು, ಹೆಬ್ಬೆರಳು ಪೂರ್ತಿ ಮಡಚಲಿಲ್ಲ. ಮಗಳು ಚಿಕ್ಕಮ್ಮನ ಮನೆಗೆ ಹೋಗಿ ಉಳಿದಳು. ಪಕ್ಕದ ಬೀದಿಯ ಗಾಜಿನಂಗಡಿಯಲ್ಲಿ ಕೆಲಸ ಹಿಡಿದಳು. ಆ ಅಂಗಡಿಯವನನ್ನು ಮೇಸ್ತ್ರಿ ಹಿಂದಿನಿಂದಲೂ ‘ಪಿಸುಮಾತಿನ ಪುಕ್ಕಲ’ ಎಂದು ಹಂಗಿಸುತ್ತಿದ್ದ.

“ಹೋಗ್ಲಿ! ಯಾರಿಗೆ ಬೇಕು ಅವಳು!” ಎಂದು ಖಾಲಿ ಅಂಗಡಿಯಲ್ಲಿ ಅರಚಿದ. ದೊಡ್ಡ ಹಾಳೆಗಳು ಗೋಡೆಗೊರಗಿ ಧೂಳು ತಿಂದವು. ಫೋಟೋಗಳ ಗಾಜು ಕೊಯ್ಯುತ್ತ, ಬಂದವರನ್ನೆಲ್ಲ ಬೈಯುತ್ತ ಕೂತ. ಬೈದಷ್ಟೂ ಸಿಟ್ಟು ಬೆಳೆಯಿತೇ ಹೊರತು ಕರಗಲಿಲ್ಲ. ಯಾರನ್ನು ಬೈಯಬೇಕಿತ್ತೋ ಅವನು ಕನ್ನಡಿಯ ಹಾಳೆಗಳಲ್ಲಿ ದಿನವಿಡೀ ಎದುರಿಗೇ ಕಾಣುತ್ತಿದ್ದ.

ಒಂದು ಮಧ್ಯಾಹ್ನ ಕೆಲಸವಿಲ್ಲದಿದ್ದರೂ ಪಕ್ಕದ ಬೀದಿಗೆ ಹೋದ. ಮಗಳು ದೊಡ್ಡದೊಂದು ಹಾಳೆಯ ಹಿಂದಿನ ತುದಿ ಹಿಡಿದು ಅಂಗಡಿಯ ಬಾಗಿಲ ಕಡೆ ಬರುತ್ತಿದ್ದಳು. ಮಡಚದ ಹೆಬ್ಬೆರಳಿನಿಂದ ಹಿಡಿತ ಸಡಿಲಾಗಿ, ಅವಳ ಕಡೆಯ ಅಂಚು ಇಳಿದಿತ್ತು. ಮುಂದಿನ ತುದಿ ಹಿಡಿದಿದ್ದ ಕೆಲಸದವನು ಹಿಂದೆ ತಿರುಗಿಯೂ ನೋಡದೆ ದಾಪುಗಾಲು ಹಾಕುತ್ತಿದ್ದ.

ಮೇಸ್ತ್ರಿಯ ನೆತ್ತಿಗೆ ರಕ್ತ ಏರಿತು. ‘ಲೋ ಮುಠ್ಠಾಳ!’ ಎಂಬುದು ಗಂಟಲವರೆಗೆ ಬಂತು. ತಾನು ಕೂಗಿದರೆ ಅವಳು ಬೆಚ್ಚಿ ತಿರುಗುತ್ತಾಳೆ. ಅವಳು ತಿರುಗಿದರೆ ಗಾಜು ತಿರುಗುತ್ತದೆ. ತುಟಿ ಕಚ್ಚಿ ನಿಂತ. ಕಚ್ಚಿದ ತುಟಿಯಲ್ಲಿ ಉಪ್ಪುಪ್ಪು ರಕ್ತ ಬಂತು. ಹಾಳೆ ಬಾಗಿಲು ದಾಟಿ, ಮರದ ಸ್ಟ್ಯಾಂಡಿನ ಮೇಲೆ ಕೂರುವವರೆಗೂ ಉಸಿರೆತ್ತಲಿಲ್ಲ.

ಮಗಳು ಕೈಗವಸು ಬಿಚ್ಚುತ್ತಾ ಹೊರಬಂದಳು.

“ಏನಪ್ಪಾ ಈ ಕಡೆ?”

“ಸುಮ್ನೆ. ದಾರೀಲಿ ಹೋಗ್ತಿದ್ದೆ.”

“ನಿನ್ನ ದಾರಿ ಯಾವತ್ತಿಂದ ಇಲ್ಲಿಗೆ ತಿರುಗ್ತು?”

“ಮುಂದಿನವನು ಓಡ್ತಿದ್ದ,” ಎಂದ, ಹಲ್ಲು ಕಡಿದು.

“ನೋಡ್ದೆ. ನೀನು ನಿಂತಿದ್ದನ್ನೂ ನೋಡ್ದೆ. ಈಗ ಕೂಗ್ತಾನೆ, ಈಗ ಕೂಗ್ತಾನೆ ಅಂತ ಎದೆ ಡವಡವ ಅಂತಿತ್ತು.” ಕೈಗವಸಿನ ಧೂಳು ಕೊಡವಿ ಸೇರಿಸಿದಳು: “ಭಾನುವಾರ ಊಟಕ್ಕೆ ಬರ್ತೀನಿ. ಅಂಗಡಿಗಲ್ಲ.”

“ಅಂಗಡಿಗೆ ಬಾ ಅಂತ ಕರೆದೋರು ಯಾರೀಗ!”

ದಾರಿಹೋಕರಿಬ್ಬರು ತಿರುಗಿ ನೋಡಿದರು. ಮಗಳ ಮುಖ ಗಂಟಿಕ್ಕಿತು. ಅವನ ಹಣೆಯ ನರ ಇನ್ನೂ ಕುಣಿಯುತ್ತಲೇ ಇತ್ತು. ಎರಡು ಸಲ ಉಗುಳು ನುಂಗಿದ.

“ಬಾ. ಊಟಕ್ಕೇ ಬಾ,” ಎಂದ, ತನಗೇ ಅಪರಿಚಿತವಾದ ಸಣ್ಣ ದನಿಯಲ್ಲಿ.

ಅವಳು ಅವನನ್ನು ದಿಟ್ಟಿಸಿ ನೋಡಿದಳು.

“ಅಮ್ಮನಿಗೆ ಹೇಳು ಹಾಗಾದ್ರೆ,” ಎಂದು ಒಳಗೆ ಹೋದಳು.