ಅಪ್ಪ ಕಟ್ಟಿದ ಕಸಿ

ಕೋಲಾರದ ನಮ್ಮ ಹಿತ್ತಿಲಿನಲ್ಲಿ ಬಾವಿ, ಒಗೆಯುವ ಕಲ್ಲು, ಕೊಟ್ಟಿಗೆ ಇವಿಷ್ಟು ಹೋಗಿ ಉಳಿದಿದ್ದು ಒಂದೇ ಮರದ ಜಾಗ. ಮಾವು ಎನ್ನುವುದರಲ್ಲಿ ಎಲ್ಲರೂ ಒಂದೇ, ಯಾವ ಮಾವು ಎನ್ನುವುದೇ ತಕರಾರು.

ಅಮ್ಮನಿಗೆ ತೋತಾಪುರಿ ಬೇಕಿತ್ತು. ಉಪ್ಪಿನಕಾಯಿ ಕಾಲ ಬಂದಾಗಲೆಲ್ಲ ಅವಳು ಪಕ್ಕದ ಮನೆಯಲ್ಲಿ ಕಾಯಿ ಕೇಳಬೇಕಿತ್ತು. ಆ ಮನೆಯಾಕೆ ಇಲ್ಲವೆನ್ನುತ್ತಿರಲಿಲ್ಲ, ಆದರೆ ಕೊಡುವಾಗ "ಈ ವರ್ಷಾನೂ ಬಂದ್ರಾ?" ಎಂದು ನಗುತ್ತಿದ್ದಳು. ಅಷ್ಟಕ್ಕೇ ಅಮ್ಮನ ಮುಖ ಸಣ್ಣಗಾಗುತ್ತಿತ್ತು. ನನಗೆ ಆಕೆಯ ಮೇಲೆ ಕೆಂಡದಂಥ ಕೋಪ. ಅಪ್ಪನಿಗೆ ಮಾತ್ರ ಮಲಗೋವದ ಹುಚ್ಚು. ನೆಂಟರ ಮುಂದೆ ಹಣ್ಣು ಹೆಚ್ಚಿಟ್ಟು ನಮ್ಮ ಹಿತ್ತಿಲಿನದು ಎನ್ನಬೇಕು, ಅಷ್ಟೇ. ಮಲಗೋವ ಬಿಡುವುದೇ ನಾಲ್ಕು ಕಾಯಿ ಎಂದು ಅಮ್ಮ ಹೇಳಿ ನೋಡಿದಳು. ಗಾಳಿಗೆ ಹೇಳಿದಂತಾಯಿತು.

ಆಗೆಲ್ಲ ಸಸಿಯ ಕುಂಡವನ್ನೇ ಒಳ್ಳೆಯ ಮರದ ಬಳಿಗೆ ಒಯ್ದು, ಸಸಿಯನ್ನೂ ಮರದ ಕೊಂಬೆಯನ್ನೂ ಹೆರೆದು ಸೇರಿಸಿ ಕಟ್ಟಿ, ಕೂಡಿಕೊಂಡ ಮೇಲೆ ಕೊಂಬೆ ಕತ್ತರಿಸಿ ತರುತ್ತಿದ್ದರು. ಅಪ್ಪ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು, ಶ್ರೀನಿವಾಸಪುರದ ರೈಲು ಹತ್ತಿದರು. ಅಲ್ಲಿ ಅವರ ಗೆಳೆಯರೊಬ್ಬರ ತೋಪು. ಹಳೆಯ ಮರಗಳು, ಒಂದರ ಕೊಂಬೆ ಇನ್ನೊಂದರೊಳಗೆ ಹೊಕ್ಕಿದ್ದವು. ಅಪ್ಪ ಮಲಗೋವ ಮರದ ಬುಡದಲ್ಲಿ ನಿಂತು ಕೈಗೆ ಎಟುಕಿದ ಕೊಂಬೆಗೆ ಕಟ್ಟತೊಡಗಿದಾಗ ತೋಟದ ಮುದುಕ, ಅದು ಪಕ್ಕದ ಮರದ ಕೊಂಬೆ ಸ್ವಾಮಿ ಎಂದು ತೆಲುಗಿನಲ್ಲಿ ಹೇಳಿದ. ಅಪ್ಪನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಇನ್ನೊಬ್ಬರ ಮಾತು ಕೇಳುವ ಅಭ್ಯಾಸವಿರಲಿಲ್ಲ. ನನಗೆ ಗೊತ್ತು ಎಂದು ಇನ್ನೊಂದು ಗಂಟು ಹಾಕಿದರು.

ಕಸಿ ತಂದು ಹಿತ್ತಿಲಿನಲ್ಲಿ ನೆಟ್ಟ ಏಳು ವರ್ಷದ ಮೇಲೆ ಮರ ಕಾಯಿ ಬಿಟ್ಟಿತು. ಮಲಗೋವ ದುಂಡಗಿರುತ್ತದೆ. ಇದು ದಿನದಿನಕ್ಕೂ ಉದ್ದವಾಗಿ, ತುದಿಯಲ್ಲಿ ತೋತಾಪುರಿಯ ಹಾಗೆ ಗಿಣಿಯ ಕೊಕ್ಕು ಮೂಡಿತು. ಬೆಳೆಯುತ್ತಾ ಸರಿಹೋಗುತ್ತದೆಂದು ಅಪ್ಪ ಒಂದು ವಾರ ವಾದಿಸಿದರು. ಆಮೇಲೆ ತೋಟದ ಮುದುಕನನ್ನು ಬೈದರು. ಕೊನೆಗೆ, ಇದನ್ನು ಕಡಿದು ಬೇರೆ ಕಸಿ ಕಟ್ಟಿ ತರುತ್ತೇನೆಂದು ಕೊಡಲಿ ಹಿಡಿದೇ ಬಂದರು.

ಅಮ್ಮ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮದ್ವೆ ಆದಾಗಿಂದ ನಾನು ಬಾಯ್ಬಿಟ್ಟು ಕೇಳಿದ್ದು ಇದೊಂದೇ. ಅದೂ ನೀವು ತಪ್ಪು ಮಾಡಿದ್ದಕ್ಕೆ ಸಿಕ್ತು. ಮುಟ್ಟಿದ್ರೆ ನೋಡಿ."

ಅಪ್ಪ ಕೊಡಲಿಯನ್ನು ಗೋಡೆಗೆ ಒರಗಿಸಿ, ಉಪ್ಪಿನಕಾಯಿಗೆ ಎಷ್ಟು ಕಾಯಿ ಬೇಕೆಂದು ಕೇಳಿ, ಪಂಚೆ ಎತ್ತಿ ಕಟ್ಟಿ ಮರ ಹತ್ತಿದರು.