ಮಾವನವರು ಒಡೆಯಲು ಹೊರಟ ಒಲೆ

ಇದು ನಡೆದದ್ದು ೧೯೮೫ರಲ್ಲಿ. ಮದುವೆಯಾಗಿ ಅಕ್ಕಿಆಲೂರಿಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ತವರೂರು ಸವಣೂರಿನಲ್ಲಿ ಕಲಿತಿದ್ದ ಹೊಗೆಯಿಲ್ಲದ ಒಲೆಯನ್ನು ಅತ್ತೆಯ ಅಡುಗೆಮನೆಯಲ್ಲಿ ನಾನೇ ಮಣ್ಣು ಕಲಸಿ ಕಟ್ಟಿದೆ. ಹಂಚು ಸರಿಸಿ ಹೊಗೆ ಹೋಗಲು ಕೊಳವೆಯನ್ನೂ ಬಿಟ್ಟೆ. ಇದಕ್ಕೆ ಕಟ್ಟಿಗೆಯೂ ಕಡಿಮೆ ಸಾಕು ಎಂದೆ. ಮಾವನವರಿಗೆ ಸಿಟ್ಟು ನೆತ್ತಿಗೇರಿತು.

"ನಮ್ಮ ಮನ್ಯಾಗ ಕಟಗಿಗೆ ಬರ ಬಂದೈತೇನು?" ಎಂದು ಕೂಗಾಡಿದರು.

ಅದೇ ವಾರ ಓಣಿಯ ಹೆಂಗಸರು ಪಂದ್ಯ ಕಟ್ಟಿದರು. ಎಲ್ಲ ಮನೆಗೂ ಒಂದೇ ತೂಕದ ಕಟ್ಟಿಗೆ. ವಾರದ ಕೊನೆಗೆ ಯಾರದು ಹೆಚ್ಚು ಉಳಿಯುತ್ತದೋ ಅವರ ಮನೆಗೆ ಉಳಿದವರೆಲ್ಲ ಹೋಗಿ ಶಾವಿಗೆ ಹೊಸೆದುಕೊಡಬೇಕು. ರೊಟ್ಟಿ ಮಾತ್ರ ಕಡಿಮೆಯಾಗುವಂತಿಲ್ಲ.

"ಸೋತ್ರ ಆ ಒಲಿ ಒಡೀತೇನಿ," ಎಂದರು ಮಾವ.

"ಗೆದ್ರ?" ಎಂದೆ. ಅವರಿಗೆ ತಿರುಗಿ ಕೇಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಕಾಳು ನೆನೆಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ, ರೊಟ್ಟಿ ಬೇಯುವಾಗಲೇ ಅದೇ ಒಲೆಯ ಪಕ್ಕದ ಕಿಂಡಿಯ ಮೇಲೆ ಬೇಳೆ ಇಟ್ಟೆ. ಎದುರುಮನೆ ಬಸವ್ವ ಕಟ್ಟೆಯ ಮೇಲಿಂದ ಕೆಣಕಿದಳು: "ಏನವಾ ಸವಣೂರಾಕಿ, ಇವತ್ತ ಉಪಾಸೇನು? ಹೊಗೀನ ಕಾಣವಲ್ದು!"

"ನಾವು ಹೊಗಿ ಉಣ್ಣೂದಿಲ್ರಿ, ರೊಟ್ಟಿ ಉಣ್ತೇವಿ."

ಅವಳೂ ನಕ್ಕಳು. ನಾವು ಮುಂದಿದ್ದೆವು. ಆದರೆ ಕೊನೆಯ ದಿನ ಮಾವ ಹಾನಗಲ್ಲಿನಿಂದ ಬೀಗರ ದಂಡನ್ನೇ ಕರೆತಂದರು. "ಎಲ್ಲಾರಿಗೂ ಜಳಕಕ್ಕ ನೀರು ಕಾಸ್ರಿ," ಎಂದು ಅಪ್ಪಣೆಯಾಯಿತು. ಬೀಗರಿಗೆ ಇಲ್ಲ ಎನ್ನಲಾಗುತ್ತದೆಯೇ? ನಮ್ಮ ಕಟ್ಟಿಗೆಯೆಲ್ಲ ಬಚ್ಚಲ ಒಲೆಯ ಪಾಲಾಯಿತು. ಬಸವ್ವ ಗೆದ್ದಳು.

ಬೀಗರು ಹೋದದ್ದೇ ತಡ, ಮಾವ ಹಾರೆ ಹಿಡಿದು ಬಂದರು. ನನಗೆ ಮೈಯೆಲ್ಲ ಉರಿಯಿತು. "ಒಡೀರಿ ಮಾವಾರ. ನಾಳೆ ಮತ್ತ ಕಟ್ತೇನಿ. ಅದನ್ನೂ ಒಡದ್ರ ನಾಡದ ಕಟ್ತೇನಿ," ಎಂದೆ.

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಗಂಡನೆದುರು ಎಂದೂ ದನಿ ಎತ್ತದವರು. ಅವರು ಏಳಲಿಲ್ಲ, ತಲೆಯನ್ನೂ ಎತ್ತದೆ ಹೇಳಿದರು:

"ಹೊಗಿ ಕುಡದು ಕುಡದು ಹಾಳಾಗಿದ್ದು ನನ್ನ ಕಣ್ಣು, ನಿಮ್ಮವಲ್ಲ. ಈ ಒಲಿ ಮುಂದ ಕುಂತಾಗಿಂದ ಕಣ್ಣಾಗ ನೀರು ಬಂದಿಲ್ಲ. ಒಡೀರಿ. ಆದ್ರ ಹಳೇ ಒಲಿ ಮುಂದ ನೀವ ಕುಂತು ರೊಟ್ಟಿ ಬಡೀರಿ. ನಾ ಬಡಿಯೂದಿಲ್ಲ."

ಮಾವ ಹಾರೆಯನ್ನು ಗೋಡೆಗೆ ಆನಿಸಿ ಹೊರಗೆ ಹೋದರು.

ಬಸವ್ವನ ಮನೆಯ ಶಾವಿಗೆಗೆ ನಾನೂ ಅತ್ತೆಯೂ ಹೋದೆವು. ಒಂದು ಒಲೆಗಾಗಿ ಗಂಡನಿಗೆ ಎದುರಾಡಿದಳು ಎಂದು ಓಣಿ ಬಹಳ ದಿನ ಅತ್ತೆಯನ್ನು ಆಡಿಕೊಂಡಿತು. ಆಡಿಕೊಳ್ಳಲಿ. ಅಡುಗೆಮನೆ ಯಾರದು ಎಂಬುದು ಆ ದಿನವೇ ತೀರ್ಮಾನವಾಗಿತ್ತು.